ಹೋಗು ಎನ್ನಲು ಕಲಿಸಿದ ಪಿ.ಟಿ. ಮೇಷ್ಟ್ರು

ನಮ್ಮ ಪಿ.ಟಿ. ಮೇಷ್ಟ್ರ ಕೊರಳಲ್ಲಿ ಒಂದೇ ದಾರಕ್ಕೆ ಎರಡು ವಸ್ತು ತೂಗುತ್ತಿದ್ದವು. ಒಂದು ಶಿಲುಬೆ, ಇನ್ನೊಂದು ವಿಷಲ್ಲು. ಭಾನುವಾರ ಚರ್ಚಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಕೊನೆಗೆ ಶಿಲುಬೆಯನ್ನು ತುಟಿಗೆ ಒತ್ತಿಕೊಳ್ಳುವುದು ಅವರ ಪದ್ಧತಿ. ಕಣ್ಣು ಮುಚ್ಚಿರುತ್ತಿದ್ದರಿಂದ ಕೈಗೆ ಯಾವುದು ಸಿಕ್ಕಿತೋ ಅದು. ಆಗಾಗ ‘ಆಮೆನ್’ ಆದ ಕೂಡಲೇ ‘ಪೀ’ ಎಂದು ಸದ್ದಾಗಿ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ನಮ್ಮ ಶಾಲೆಯ ಹುಡುಗರು ದಡಕ್ಕನೆ ಎದ್ದು ಅಟೆನ್ಷನ್ನಿನಲ್ಲಿ ನಿಲ್ಲುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಅವರ ಹೆಂಡತಿ, ಸರ್ಕಾರಿ ಆಸ್ಪತ್ರೆಯ ನರ್ಸಮ್ಮ. ಹೇಳುವಾಗ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಅವರು ಯಾವಾಗ ನೌಕರಿಗೆ ಸೇರಿದರು, ಎಲ್ಲಿ ಓದಿದರು ಎಂಬುದನ್ನೆಲ್ಲ ನಾನು ಬರೆಯಲು ಹೋಗುವುದಿಲ್ಲ. ಅದೆಲ್ಲ ನಮ್ಮ ಗುಮಾಸ್ತರ ಬೀರುವಿನಲ್ಲಿ ಇರುತ್ತದೆ, ಬೇಕಾದವರು ಕೇಳಿ ನೋಡಿಕೊಳ್ಳಲಿ. ನನಗೆ ಗೊತ್ತಿರುವುದು ಬೇರೆ. ಅರಸೀಕೆರೆಯ ಜನಕ್ಕೆ ‘ಹೋಗು’ ಎನ್ನಲು ಕಲಿಸಬೇಕೆಂದು ಅವರು ಪಟ್ಟ ಪಾಡು ನನಗೆ ಗೊತ್ತು. ಯಾಕೆಂದರೆ ಆ ಪಾಡಿನಲ್ಲಿ ನಾನು ಅಧಿಪತಿಯಾಗಿದ್ದೆ.

ನಾನು ಅದೇ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಹಣೆಯ ಮೇಲೆ ವಿಭೂತಿ ಇಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟವನಲ್ಲ. ಅಂಥವನನ್ನು ಹಿಡಿದು, ‘ನಿಮ್ಮ ಗಂಟಲು ಚೆನ್ನಾಗಿದೆ ಕಣ್ರೀ’ ಎಂದು ಉಬ್ಬಿಸಿ, ರೋಮ್ ಸಾಮ್ರಾಜ್ಯದ ಅಧಿಪತಿ ಪಿಲಾತನನ್ನಾಗಿ ಮಾಡಿದವರು ಈ ಮೇಷ್ಟ್ರು. ಶುಭ ಶುಕ್ರವಾರದ ಸಂಜೆ ಚರ್ಚಿನ ಅಂಗಳದಲ್ಲಿ ಅವರು ಪ್ರತಿ ವರ್ಷ ಒಂದು ನಾಟಕ ಆಡಿಸುತ್ತಿದ್ದರು. ಅದರಲ್ಲಿ ಪಿಲಾತ ಯೇಸುವನ್ನು ಜನರ ಮುಂದೆ ನಿಲ್ಲಿಸಿ, ‘ಇವನು ಬೇಕೋ ಬೇಡವೋ’ ಎಂದು ಕೇಳಿ, ಅವರು ಬೇಡ ಎಂದಾಗ ‘ಈ ಪಾಪಕ್ಕೆ ನಾನು ಹೊಣೆಯಲ್ಲ’ ಎಂದು ಕೈ ತೊಳೆದುಕೊಳ್ಳಬೇಕು. ನಮ್ಮ ಮನೆಯ ಹಿತ್ತಾಳೆ ಚೊಂಬು, ಮದುವೆಯಲ್ಲಿ ಮಾವನವರು ಕೊಟ್ಟ ಜರಿ ಟವೆಲ್ಲು ಎರಡನ್ನೂ ನಾನೇ ಒಯ್ಯುತ್ತಿದ್ದೆ. ನಾನು ಕೈ ತೊಳೆಯುವ ಠೀವಿಯನ್ನು ನೋಡಲೆಂದೇ ಜನ ಬರುತ್ತಿದ್ದರು. ಬೇರೆಯವರು ಹಾಗೆ ಹೇಳದಿದ್ದರೂ ನಾನು ಹೇಳುತ್ತೇನೆ.

ಪಿ.ಟಿ. ಮೇಷ್ಟ್ರು ಎಂದ ಕೂಡಲೇ ನೀವು ಎತ್ತರದ ಗಟ್ಟಿ ಆಳೊಬ್ಬನನ್ನು ಕಲ್ಪಿಸಿಕೊಂಡಿರಬಹುದು. ದಯವಿಟ್ಟು ಬೇಡ. ಅವರು ಕುಳ್ಳಗೆ, ಗುಂಡಗೆ ಇದ್ದರು. ಅವರು ಓಡಿದ್ದನ್ನು ನಾನು ನೋಡಿದ್ದು ಎರಡೇ ಸಲ. ಮೊದಲನೆಯದು ಹಾಸನದ ಬಸ್ಸಿನ ಹಿಂದೆ, ಆ ಬಸ್ಸೂ ನಿಲ್ಲಲಿಲ್ಲ. ಹುಡುಗರನ್ನು ಬಿಸಿಲಿನಲ್ಲಿ ಓಡಿಸಿ ತಾವು ಹೊಂಗೆ ಮರದ ನೆರಳಲ್ಲಿ ನಿಂತು ವಿಷಲ್ಲು ಊದುತ್ತಿದ್ದರು. ವಿಷಲ್ಲು ಬಿಟ್ಟರೆ ಅವರಿಗೆ ಸುಣ್ಣದ ಪುಡಿಯ ಮೇಲೆ ಪ್ರೀತಿ. ಎಲ್ಲಿ ಹೋದರೂ ಗೆರೆ ಎಳೆಯಬೇಕು. ಮಗಳ ಮದುವೆಯಲ್ಲಿ ಊಟದ ಪಂಕ್ತಿಗೂ ಗೆರೆ ಎಳೆದಿದ್ದರು. ಪಾಯಸ ಬಡಿಸುವವನು ಗೆರೆ ತುಳಿದನೆಂದು ‘ಔಟ್!’ ಎಂದು ಅವನನ್ನು ಹೊರಗೆ ಕಳಿಸಿಬಿಟ್ಟರು. ಅವನು ಪಾಯಸದ ಪಾತ್ರೆಯ ಸಮೇತ ಹೋದ. ಬೀಗರಿಗೆ ಪಾಯಸವಿಲ್ಲ. ಆಮೇಲೆ ನರ್ಸಮ್ಮ ಹೋಗಿ ಅವನನ್ನು ಕೈಮುಗಿದು ಕರೆತಂದರು.

ಧರ್ಮವನ್ನೂ ಅವರು ಮೈದಾನದ ಮಾತಿನಲ್ಲೇ ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾನೊಮ್ಮೆ, “ಅಲ್ಲ ಮೇಷ್ಟ್ರೇ, ನಿಮ್ಮ ಮೆಸ್ಸೀಯ, ಉದ್ಧಾರ ಮಾಡೋನು, ಬರ್ತಾನೆ ಅಂತ ಆ ಜನ ಅಷ್ಟು ಕಾಲ ಕಾದಿದ್ರು ಅಂತೀರಿ. ಬಂದ ಮೇಲೆ ಯಾಕೆ ಬೇಡ ಅಂದ್ರು?” ಎಂದು ಕೇಳಿದೆ.

“ಕಾದೋರೇ ಕಣ್ರೀ ಬೇಡ ಅನ್ನೋದು,” ಎಂದರು. “ದಾರೀಲಿ ಹೋಗೋನು ಯಾಕೆ ಅಂತಾನೆ? ಅವನಿಗೆ ಕಾದಿದ್ದೇ ಗೊತ್ತಿಲ್ಲ. ಇವರು ಕಾದ್ರು. ಕುದುರೆ ಮೇಲೆ ಬರ್ತಾನೆ ಅಂದ್ಕೊಂಡ್ರು, ಕತ್ತೆ ಮೇಲೆ ಬಂದ. ರಾಜನ ಥರ ಇರ್ತಾನೆ ಅಂದ್ಕೊಂಡ್ರು, ಬಡಗಿ ಮಗ. ಭಾನುವಾರ ಗರಿ ಬೀಸಿ ಜೈ ಅಂದೋರು ಶುಕ್ರವಾರ ಹೋಗು ಅಂದ್ರು.”

“ಕೆಟ್ಟ ಜನ ಬಿಡಿ.”

“ಛೆ ಛೆ. ಹಂಗನ್ಬೇಡಿ. ಅವರು ಅರಸೀಕೆರೆಯವರ ಥರಾನೇ. ನಾವೆಲ್ಲ ಮೊದಲು ಹೋಗು ಅಂದ ಟೀಮೇ. ಆಮೇಲೆ ಬಾ ಅನ್ನೋ ಟೀಮಿಗೆ ಬಂದು ಸೇರ್ಕೊಳ್ಳೋದು. ಅದಕ್ಕೇ ನನ್ನ ನಾಟಕದಲ್ಲಿ ದೊಡ್ಡ ಪಾರ್ಟು ಯೇಸೂದಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ. ಜನರ ಗುಂಪಿನದು.”

‘ನಿಮ್ಮದಂತೂ ಅಲ್ಲವೇ ಅಲ್ಲ’ ಎಂದದ್ದು ನನಗೆ ಇಷ್ಟವಾಗಲಿಲ್ಲ.

ಆದರೆ ಗುಂಪಿಗೆ ಜನ ಎಲ್ಲಿಂದ ತರುವುದು? ಚರ್ಚಿನಲ್ಲಿ ಇದ್ದದ್ದೇ ನಾಲ್ಕಾರು ಮನೆ. ಗಂಡಸರೆಲ್ಲ ಶಿಷ್ಯರಾಗುತ್ತೇವೆ ಎನ್ನುವವರು, ಹೆಂಗಸರೆಲ್ಲ ಅಳುತ್ತೇವೆ ಎನ್ನುವವರು. ‘ಹೋಗು’ ಎನ್ನುವವರು ಒಬ್ಬರೂ ಇಲ್ಲ. ಆ ಮಾತು ತಮ್ಮ ಬಾಯಿಂದ ಬರುವುದಿಲ್ಲ ಎಂದು ಎಲ್ಲರೂ ಜಾರಿಕೊಂಡರು. ಮೇಷ್ಟ್ರು ರಸ್ತೆ ದಾಟಿ ಎದುರಿನ ಕೊಬ್ಬರಿ ಮಂಡಿಗೆ ಹೋದರು. ಅಲ್ಲಿ ವ್ಯಾಪಾರ ಮಾಡುವವರು, ತೂಗುವವರು, ಮೂಟೆ ಹೊರುವವರು ಎಲ್ಲರೂ ಅವರ ಹಳೆಯ ಶಿಷ್ಯರೇ. ವಿಷಲ್ಲು ಊದಿದರೆ ಸಾಲಾಗಿ ನಿಲ್ಲುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ. ಶುಕ್ರವಾರ ಮಂಡಿ ಮುಗಿದ ಮೇಲೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದು ಯೆರೂಸಲೇಮಿನ ಜನರಾದರು. ತಕ್ಕಡಿಯ ಬಸಣ್ಣ ಅವರ ನಾಯಕ.

ಮಾತು ಹೆಚ್ಚಿದ್ದರೆ ಮರೆಯುತ್ತಾರೆಂದು ಮೇಷ್ಟ್ರು ಎಲ್ಲವನ್ನೂ ಡ್ರಿಲ್ಲಿನ ಹಾಗೆ ಮಾಡಿದ್ದರು. ಮೊದಲ ವಿಷಲ್ಲಿಗೆ ‘ಬೇಡ’. ಎರಡನೆಯ ವಿಷಲ್ಲಿಗೆ ‘ಹೋಗು’. ಅಷ್ಟೇ. ಇದಕ್ಕಿಂತ ಸುಲಭದ ಪಾರ್ಟು ನಾಟಕ ಪ್ರಪಂಚದಲ್ಲಿ ಇರಲಾರದು.

ಯೇಸುವಿನ ಪಾರ್ಟು ನಮ್ಮ ಬಡಾವಣೆಯ ಲೈನ್‌ಮ್ಯಾನಿನದು. ಚರ್ಚಿನ ಮನೆಯ ಹುಡುಗ, ತೆಳ್ಳಗೆ ಎತ್ತರಕ್ಕಿದ್ದ, ಗಡ್ಡ ತಾನಾಗಿಯೇ ಬಂದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಎತ್ತರದಲ್ಲಿ ಕೈಚಾಚಿ ನಿಲ್ಲುವುದು ಅವನಿಗೆ ದಿನದ ಕೆಲಸ. ಕಂಬ ಹತ್ತುವ ಬೆಲ್ಟನ್ನೇ ಪಂಚೆಯೊಳಗೆ ಕಟ್ಟಿಕೊಂಡು ಶಿಲುಬೆಗೆ ಸಿಕ್ಕಿಸಿಕೊಂಡರೆ ಎಷ್ಟು ಹೊತ್ತು ಬೇಕಾದರೂ ಇರುತ್ತಿದ್ದ. ಕತ್ತೆ ಸಿಗದ ವರ್ಷ ಯೆರೂಸಲೇಮಿಗೆ ಇಲಾಖೆಯ ಸೈಕಲ್ಲಿನ ಮೇಲೆಯೇ ಬಂದ. ಮಂಡಿಯವರು ಭಾರವಾದ ತೆಂಗಿನ ಗರಿಗಳನ್ನು ಎತ್ತಿ ಎತ್ತಿ ಬೀಸಿ ಜೈಕಾರ ಹಾಕುವಾಗ ಒಂದು ಗರಿ ಅವನ ನೆತ್ತಿಗೆ ಬಿತ್ತು. ಅವನು ಮುಗುಳ್ನಕ್ಕು ಆಶೀರ್ವಾದ ಮಾಡಿದ. ಅಷ್ಟು ಒಳ್ಳೆಯ ಹುಡುಗ.

ಅದೇ ತೊಂದರೆಯಾಯಿತು.

ಮೊದಲ ವರ್ಷ ನಾನು ಸಿಂಹಾಸನದಿಂದ ಎದ್ದು ಗುಡುಗಿನಂಥ ದನಿಯಲ್ಲಿ, “ಪ್ರಜೆಗಳೇ! ಈತನನ್ನು ಏನು ಮಾಡಲಿ?” ಎಂದು ಕೇಳಿದೆ. ಮುಳ್ಳಿನ ಕಿರೀಟ ತೊಟ್ಟು ತಲೆತಗ್ಗಿಸಿ ನಿಂತಿದ್ದ ಲೈನ್‌ಮ್ಯಾನ್. ಮೊದಲ ವಿಷಲ್ಲು ಆಯಿತು. ಗುಂಪಿನಿಂದ ಕೆಮ್ಮಿನ ಸದ್ದು ಬಂತೇ ಹೊರತು ‘ಬೇಡ’ ಬರಲಿಲ್ಲ. ಎರಡನೆಯ ವಿಷಲ್ಲು. ಬಸಣ್ಣ ಒಂದು ಹೆಜ್ಜೆ ಮುಂದೆ ಬಂದು ಕೈಮುಗಿದು, “ಹೋಗ್ಬಿಟ್ಟು ಬನ್ನಿ ಸ್ವಾಮೇರಾ,” ಎಂದ. ಹಿಂದಿನಿಂದ ಎಲ್ಲರೂ, “ಹೋಗ್ಬಿಟ್ಟು ಬನ್ನಿ, ಹೋಗ್ಬಿಟ್ಟು ಬನ್ನಿ,” ಎಂದರು. ಒಬ್ಬನಂತೂ, “ಹಂಗೇ ನಮ್ ಬೀದಿ ಟ್ರಾನ್ಸ್‌ಫಾರ್ಮರ್ ಒಂಚೂರು ನೋಡ್ಕಂಡು ಹೋಗಿ,” ಎಂದ.

ನಾನು ಕೈ ತೊಳೆದುಕೊಂಡೆ. ಆದರೆ ಬೀಗರನ್ನು ಬಸ್ಸಿಗೆ ಹತ್ತಿಸಿ ಬಂದವನು ತೊಳೆದುಕೊಂಡ ಹಾಗಿತ್ತು.

ಇದರಲ್ಲಿ ಆ ಬಡಪಾಯಿಗಳ ತಪ್ಪೇನೂ ಇಲ್ಲ. ನಮ್ಮ ಕಡೆ ಯಾರೂ ಯಾರಿಗೂ ‘ಹೋಗು’ ಎನ್ನುವುದಿಲ್ಲ. ಮನೆಯಿಂದ ಹೊರಡುವವನು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾನೆ. ಕಳಿಸುವವರು ‘ಹೋಗಿ ಬನ್ನಿ’ ಎನ್ನುತ್ತಾರೆ. ಆ ಮಾತು ಇಲ್ಲದೆ ಎದ್ದು ಬರುವುದು ಸಾವಿನ ಮನೆಯಿಂದ ಮಾತ್ರ. ಮೇಷ್ಟ್ರ ಮನೆಯಲ್ಲೂ ಹಾಗೆಯೇ. ಒಂದು ಬೆಳಗ್ಗೆ ಡ್ರಿಲ್ಲಿಗೆ ಹೊತ್ತಾಯಿತೆಂದು ಅವಸರದಲ್ಲಿ, “ಹೋಗ್ತೀನಿ ಕಣೇ,” ಎಂದುಬಿಟ್ಟರಂತೆ. ನರ್ಸಮ್ಮ ಗೇಟಿನಿಂದ ವಾಪಸ್ ಕರೆದು, ಕುರ್ಚಿಯಲ್ಲಿ ಕೂರಿಸಿ, ನೀರು ಕುಡಿಸಿ, ‘ಬರ್ತೀನಿ’ ಎಂದು ಹೇಳಿಸಿ ಆಮೇಲೆ ಕಳಿಸಿದರು. ಪ್ರಾರ್ಥನೆ ಮುಗಿದು ಅರ್ಧ ಗಂಟೆಯಾದ ಮೇಲೆ ಶಾಲೆಗೆ ಬಂದ ಮೇಷ್ಟ್ರೇ ನಮ್ಮ ಮುಂದೆ ಈ ಕತೆ ಹೇಳಿದರು. ಹೆಡ್ಮಾಸ್ಟರು ಅವರ ಲೆಕ್ಕಕ್ಕೆ ಅರ್ಧ ದಿನದ ರಜೆ ಹಾಕಿದರು.

ಆ ಮೊದಲ ನಾಟಕದ ಮರುದಿನ ಮೇಷ್ಟ್ರು ಮಂಡಿಗೆ ಹೋಗಿ ಬಸಣ್ಣನ ಮೇಲೆ ಹಾರಾಡಿದರು. ನಾನೂ ಜೊತೆಯಲ್ಲಿದ್ದೆ.

“ಏನಯ್ಯಾ ನೀನು! ಆ ಜನ ಅವನನ್ನ ಬೇಡ ಅಂತ ತಳ್ಳಿದ್ದು. ನೀನು ನೋಡಿದ್ರೆ ಎಲೆ ಅಡಿಕೆ ಕೊಟ್ಟು ಕಳಿಸೋನ ಥರ!”

“ಅಲ್ಲಾ ಸಾ, ನೀವೇ ಏಳಿದ್ರಿ, ಯೇಸಪ್ಪ ಭಾನ್ವಾರ ಎದ್ದು ವಾಪಸ್ ಬತ್ತಾರೆ ಅಂತ. ಏಳಿದ್ರೋ ಇಲ್ವೋ?”

“ಹೇಳಿದ್ದೆ.”

“ಹೋಗು ಅಂತ ಅಂದ್ಬುಟ್ರೆ ಭಾನ್ವಾರ ಎಂಗ್ ಬಂದಾರು? ಯಾವ್ ಮೊಕ ಇಟ್ಕಂಡು ಬಂದಾರು? ನಾವು ಬನ್ನಿ ಅಂತ ಅಂದಿದ್ಕೇ ಅಲ್ವಾ ಬಂದದ್ದು?”

ಮೇಷ್ಟ್ರು ವಾಪಸ್ ಹೊರಟರು. ದಾರಿಯಲ್ಲಿ, “ಪಾಯಿಂಟು ಸರಿ ಇದೆಯಲ್ರೀ,” ಎಂದು ನನ್ನನ್ನು ಕೇಳಿದರು. ನಾನು, ‘ನಿಮ್ಮ ಧರ್ಮದ ವಿಷಯ, ನನ್ನನ್ನು ಕೇಳಬೇಡಿ’ ಎಂದೆ.

ಹೀಗೆಯೇ ವರ್ಷಗಳು ಕಳೆದವು. ಪ್ರತಿ ಸಲವೂ ನಮ್ಮ ಊರು ಮೆಸ್ಸೀಯನನ್ನು ಅತ್ಯಂತ ಮರ್ಯಾದೆಯಿಂದ ಬೀಳ್ಕೊಡುತ್ತಿತ್ತು, ಮೇಷ್ಟ್ರು ಕೊರಗುತ್ತಿದ್ದರು. ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ಕೊರಗು ಎಂದು ನನಗೆ ತಿಳಿದಿರಲಿಲ್ಲ. ತಿಳಿದದ್ದು ಶಾಲೆಯ ಪ್ರವಾಸದಲ್ಲಿ.

ಬೇಲೂರು, ಹಳೇಬೀಡಿಗೆ ಮಕ್ಕಳನ್ನು ಕರೆದೊಯ್ಯುವ ಹೊಣೆ ಅವರದೇ. ಹಳೇಬೀಡಿನ ದೇವಸ್ಥಾನದ ಗೋಡೆಯ ಮುಂದೆ ಗೈಡು ಶಿಲ್ಪದ ಸೌಂದರ್ಯ ವಿವರಿಸುತ್ತಿದ್ದರೆ, ಇವರು ಮಕ್ಕಳಿಗೆ ಕೆಳಸಾಲಿನ ಆನೆಗಳನ್ನು ತೋರಿಸಿ, “ನೋಡ್ರೋ, ಒಂದಾದ್ರೂ ಸಾಲು ಬಿಟ್ಟಿದೆಯೇನ್ರೋ? ಕಲ್ಲಿಗಿರೋ ಶಿಸ್ತು ನಿಮಗಿಲ್ಲ,” ಎಂದು ಬೈದು ಮುಂದಕ್ಕೆ ನಡೆಸುತ್ತಿದ್ದರು. ಅಲ್ಲಿಂದ ಅರಸೀಕೆರೆಗೆ ನೆಟ್ಟಗೆ ಬರಬಹುದಿತ್ತು. ಇವರು ಡ್ರೈವರಿಗೆ ಹಗರೆ ಎಂಬ ಊರಿನ ಮೇಲೆ ಬಸ್ಸು ಬಿಡಲು ಹೇಳಿದರು. ಸುತ್ತು ದಾರಿ. ಹಗರೆಯಲ್ಲಿ ಬಸ್ಸು ನಿಲ್ಲಿಸಿ ಮಕ್ಕಳಿಗೆ ಮೂತ್ರಕ್ಕೆ ಇಳಿಯಲು ಹೇಳಿದರು. ಮಕ್ಕಳು, “ಈಗ ತಾನೆ ಹಳೇಬೀಡಲ್ಲಿ ಹೋಗಿದ್ವಿ ಸಾರ್,” ಎಂದರು. “ಇನ್ನೊಂದ್ಸಲ ಹೋಗ್ರಿ!” ಎಂದು ವಿಷಲ್ಲು ಊದಿದರು. ಮಕ್ಕಳು ಪಾಪ, ಇಳಿದು ಸಾಲಾಗಿ ನಿಂತು ಸುಮ್ಮನೆ ಹೊಲ ನೋಡುತ್ತಿದ್ದವು.

ಮೇಷ್ಟ್ರು ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತಿದ್ದರು. ರಸ್ತೆಯಾಚೆ ಒಂದು ಹೆಂಚಿನ ಮನೆ, ಪಕ್ಕದಲ್ಲಿ ಹುಲ್ಲಿನ ಮೆದೆ, ಎರಡು ಸೀಮೆ ಹಸು. ಒಬ್ಬ ಯಜಮಾನ ಹಾಲಿನ ಕ್ಯಾನು ತೊಳೆಯುತ್ತಿದ್ದ.

“ನಮ್ಮಣ್ಣ,” ಎಂದರು.

“ಹೋಗಿ ಮಾತಾಡಿಸಿ ಮತ್ತೆ.”

“ಇಲ್ಲ ಕಣ್ರೀ. ನಾನು ದೀಕ್ಷಾಸ್ನಾನ ತಗೊಂಡು, ಕ್ರಿಶ್ಚಿಯನ್ ಆಗಿ, ಇವಳನ್ನ ಮದುವೆ ಆದಾಗ ಅವರು ಒಂದೇ ಮಾತು ಅಂದ್ರು. ಹೋಗು ಅಂದ್ರು. ಹೋಗಿ ಬಾ ಅನ್ನಲಿಲ್ಲ. ಅಪ್ಪ ಸತ್ತ ಮೇಲೆ ನನ್ನ ಎತ್ತಿ ಬೆಳೆಸಿದ್ದು ಅವರೇ. ಅವರ ಬಾಯಲ್ಲಿ ಆ ಮಾತು ಅದಕ್ಕೆ ಮುಂಚೆ ನಾನು ಕೇಳೇ ಇರಲಿಲ್ಲ.”

“ಹಳೇ ಮಾತು. ಇಳಿದು ಹೋದರೆ ಅವರೇನು ಬೇಡ ಅಂತಾರಾ?”

“ಗೆರೆ ಎಳೆದೋರು ಅವರು. ಅವರೇ ಬಾ ಅನ್ನಬೇಕು. ರೂಲ್ಸು ರೂಲ್ಸೇ.” ವಿಷಲ್ಲಿನ ದಾರವನ್ನು ಬೆರಳಿಗೆ ಸುತ್ತುತ್ತ, “ಬಸಣ್ಣನಿಗೆ ಏನು ಗೊತ್ತು ಹೇಳಿ. ಆ ಮಾತು ಹೆಂಗೆ ತಾಗುತ್ತೆ ಅಂತ ಒಂದು ಸಲ ಜನಕ್ಕೆ ಕೇಳಿಸಬೇಕು. ಅದು ಕೇಳಿಸಿದ್ರೆ ಬಾ ಅಂದರೇನು ಅಂತ ಗೊತ್ತಾಗುತ್ತೆ,” ಎಂದರು.

ಆಮೇಲೆ ವಿಷಲ್ಲು ಊದಿದರು. ಮಕ್ಕಳು ಹತ್ತಿದವು. ಯಜಮಾನ ತಲೆಯೆತ್ತಿ ಬಸ್ಸಿನ ಕಡೆ ನೋಡಿದ, ಮೇಷ್ಟ್ರು ಬೇಗ ಒಳಗೆ ಸರಿದುಕೊಂಡರು. ನನಗೆ ಅವರ ಮೇಲೆ ಕೋಪವೂ ಬಂತು, ಕಣ್ಣಲ್ಲಿ ನೀರೂ ಬಂತು.

ಎರಡು ವರ್ಷದ ಮೇಲೆ ಚರ್ಚಿಗೆ ಹೊಸ ಪಾದ್ರಿಗಳು ಬಂದರು. ಗಂಭೀರ ಮನುಷ್ಯ. ಅವರ ಮೊದಲ ಶುಭ ಶುಕ್ರವಾರದಂದು ಬಸಣ್ಣನ ಕಡೆಯವರು ‘ಹೋಗಿ ಬನ್ನಿ’ಯ ಜೊತೆಗೆ ದಾರಿಗೆಂದು ಒಂದು ಎಳನೀರನ್ನೂ ಕೊಟ್ಟರು. ಲೈನ್‌ಮ್ಯಾನ್ ಅದನ್ನು ಕುಡಿದುಬಿಟ್ಟ. ಪಾದ್ರಿಗಳು ಮೇಷ್ಟ್ರನ್ನು ಕರೆದು ಹೇಳಿದರು: “ಮೇಷ್ಟ್ರೇ, ಜನರು ಕ್ರಿಸ್ತನನ್ನ ತಿರಸ್ಕರಿಸಿದ್ದು ನಗೋ ವಿಷಯವಲ್ಲ. ಮುಂದಿನ ವರ್ಷ ಇದು ಸರಿಯಾಗಿ ಬರದಿದ್ದರೆ ನಾಟಕ ನಿಲ್ಲಿಸೋಣ. ಪ್ರಾರ್ಥನೆ ಸಾಕು.”

ಮುಂದಿನ ವರ್ಷದ ನಾಟಕಕ್ಕೆ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸಿದರು. ಮೊದಲು, ಕೊಟ್ಟ ಕಾಫಿಯನ್ನು ಬೇಡ ಎನ್ನುವ ಅಭ್ಯಾಸ. ನರ್ಸಮ್ಮ ಕಾಫಿ ಹಿಡಿದು ಬಂದರು. ಬಸಣ್ಣ, “ಯಾಕ್ ಸುಮ್ನೆ ತೊಂದ್ರೆ ತಗಂಡ್ರಿ ಅಮ್ಮಾವ್ರೇ,” ಎನ್ನುತ್ತಲೇ ಲೋಟ ಎತ್ತಿಕೊಂಡ. ಎಲ್ಲರೂ ಎತ್ತಿಕೊಂಡರು. ಆಮೇಲೆ ಲೈನ್‌ಮ್ಯಾನಿನ ಬದಲು ಒಂದು ಕೊಬ್ಬರಿ ಮೂಟೆ ನಿಲ್ಲಿಸಿ ಅದಕ್ಕೆ ಹೋಗು ಎನ್ನಿಸಿದರು. ಲಕ್ಷ್ಮಿಗೆ ಹಾಗನ್ನಬಾರದೆಂದು ಮಂಡಿಯವರು ಮುನಿಸಿಕೊಂಡರು.

ದಾರಿ ಸಿಕ್ಕಿದ್ದು ಬರಬ್ಬನಿಂದ. ನಾಟಕದಲ್ಲಿ ಬರಬ್ಬ ಒಬ್ಬ ದರೋಡೆಕೋರ. ಯೇಸುವಿನ ಬದಲು ಜನ ಅವನನ್ನು ಬಿಡಿಸಿಕೊಳ್ಳಬೇಕು. ಆ ಪಾರ್ಟು ನಮ್ಮ ಲೆಕ್ಕದ ಮೇಷ್ಟ್ರದು. ಮಂಡಿಯ ಅಷ್ಟೂ ಜನ ಚಿಕ್ಕಂದಿನಲ್ಲಿ ಅವರ ಕೈಯಲ್ಲಿ ಬೆತ್ತದ ರುಚಿ ನೋಡಿದವರು. ‘ಬರಬ್ಬನನ್ನು ಬಿಡು’ ಎನ್ನುವಾಗ ಕಷಾಯ ಕುಡಿದವರ ಮುಖ ಮಾಡುತ್ತಿದ್ದರು. ಒಂದು ದಿನ ತಾಲೀಮಿನ ನಡುವೆ ಲೆಕ್ಕದ ಮೇಷ್ಟ್ರು ಯಾರಿಗೋ, “ಹದಿನೇಳರ ಮಗ್ಗಿ ಹೇಳೋ ನೋಡೋಣ,” ಎಂದರು. ಗುಂಪು ಒಂದೇ ದನಿಯಲ್ಲಿ, “ಹೋಗ್ರೀ!” ಎಂದಿತು. ಮಂಡಿಯ ಪಾರಿವಾಳಗಳೆಲ್ಲ ಹಾರಿಹೋದವು.

ನಮ್ಮ ಮೇಷ್ಟ್ರ ಕಣ್ಣು ಹೊಳೆಯಿತು. ಲೈನ್‌ಮ್ಯಾನಿನ ಹಿಂದೆ ಒಂದು ಸ್ಟೂಲು ಹಾಕಿ ಲೆಕ್ಕದ ಮೇಷ್ಟ್ರನ್ನು ನಿಲ್ಲಿಸಿದರು. ಗುಂಪಿಗೆ, “ಯೇಸೂನ ನೋಡ್ಲೇಬೇಡಿ. ಅವನ ಹೆಗಲ ಮೇಲಿಂದ ಇವರ ಮುಖ ನೋಡಿ ಕೂಗಿ,” ಎಂದು ಅಪ್ಪಣೆ ಮಾಡಿದರು. ಲೆಕ್ಕದ ಮೇಷ್ಟ್ರಿಗೆ ಸ್ವಲ್ಪ ಬೇಸರವಾಯಿತು. ಆದರೂ ಸ್ನೇಹಕ್ಕಾಗಿ ಹತ್ತಿ ನಿಂತರು.

ಶುಭ ಶುಕ್ರವಾರ ಬಂತು. ಅಂಗಳದ ತುಂಬ ಸುಣ್ಣದ ಗೆರೆಗಳು: ಇದು ನನ್ನ ಅರಮನೆ, ಇದು ಗುಂಪಿನ ಜಾಗ, ಅದು ಬೆಟ್ಟ. ಪಾದ್ರಿಗಳು ಮುಂದಿನ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದರು. ಮೇಷ್ಟ್ರು ಮೈಕಿನಲ್ಲಿ ಪೀಠಿಕೆ ಹೇಳಿ, ವಿಷಲ್ಲನ್ನು ಬಾಯಿಗೆ ಸಿಕ್ಕಿಸಿಕೊಂಡು ಪಕ್ಕಕ್ಕೆ ನಿಂತರು. ಗುಂಪಿನಲ್ಲಿ ಒಬ್ಬ ಕಡಿಮೆಯಿದ್ದ. ಗೇಟಿನ ಹತ್ತಿರ ನಿಂತು ನೋಡುತ್ತಿದ್ದ ಯಾರೋ ಹಳ್ಳಿಯ ಯಜಮಾನನನ್ನು ಬಸಣ್ಣ, “ಬನ್ನಿ ಯಜಮಾನ್ರೇ, ಒಂದ್ ಆಳು ಕಮ್ಮಿ ಐತೆ,” ಎಂದು ಎಳೆದು ಹಿಂದಿನ ಸಾಲಿನಲ್ಲಿ ನಿಲ್ಲಿಸಿಕೊಂಡ. ಅದು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಸಿಂಹಾಸನದ ಮೇಲಿದ್ದ ನನಗೂ ಕಾಣಲಿಲ್ಲ.

“ಪ್ರಜೆಗಳೇ! ಈತನನ್ನು ಏನು ಮಾಡಲಿ?” ಎಂದೆ.

ಪೀ.

“ಬೇಡಾ!”

ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮಾತು ಬಂದಿತ್ತು.

ಪೀ.

“ಹೋಗು! ಹೋಗು! ಹೋಗೂ!”

ಹದಿನೇಳರ ಮಗ್ಗಿಯ ಸಿಟ್ಟೆಲ್ಲ ಅದರಲ್ಲಿತ್ತು. ಲೈನ್‌ಮ್ಯಾನಿನ ತುಟಿ ಅದುರಿತು, ಅವನಿಗೂ ಈ ಜನ ಹಾಗೆ ಅಂದಾರೆಂಬ ನಿರೀಕ್ಷೆ ಇರಲಿಲ್ಲ. ಪಾದ್ರಿಗಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮೇಷ್ಟ್ರ ಮುಖ ಮಾತ್ರ ಬಿಳಿಚಿಕೊಂಡಿತ್ತು. ಅಷ್ಟು ವರ್ಷ ಬೇಕು ಬೇಕೆಂದು ಕಾದ ಮಾತು ಬಂದಾಗ ಅವರಿಗೆ ಅದನ್ನು ಕೇಳಲಾಗಲಿಲ್ಲವೆಂದು ಕಾಣುತ್ತದೆ. ನಾನು ಚೊಂಬಿಗೆ ಕೈ ಹಾಕಿದೆ.

ಆಗ ಗುಂಪಿನ ಹಿಂದಿನಿಂದ ಒಂದು ದನಿ ಬಂತು. “ಥೂ, ಸುಮ್ಕಿರ್ರಲಾ!”

ಆ ಯಜಮಾನ ಜನರನ್ನು ತಳ್ಳಿಕೊಂಡು ಮುಂದೆ ಬಂದ. “ಯಾವ್ ಬಾಯಲ್ಲಿ ಹೋಗು ಅಂತೀರ್ಲಾ? ನಾನ್ ಒಂದ್ಸತಿ ಅಂದು ನೋಡಿವ್ನಿ. ಅನ್ನಾಕೇನು, ಬಾಯ್ ತೆಗುದ್ರೆ ಬಂದ್ಬುಡ್ತದೆ. ಆಮ್ಯಾಕೆ ಬಾ ಅನ್ನಾಕೆ ಬಾಯೇ ಬರಾಕಿಲ್ಲ ಕಣ್ರಲಾ!” ಎಂದು, ನನ್ನ ಕಡೆ ತಿರುಗಿ, “ರೀ ಸಾಯೇಬ್ರೇ, ಬುಡ್ರೀ ಆ ಪುಣ್ಯಾತ್ಮನ್ನ!” ಎಂದ.

ಅಧಿಪತಿಯಾದ ನಾನು ಚೊಂಬು ಹಿಡಿದುಕೊಂಡೇ ಮುಂದಕ್ಕೆ ಬಗ್ಗಿದೆ. ಮುಖ ನೋಡಿದೆ. ಹಗರೆಯ ಹಾಲಿನ ಕ್ಯಾನಿನ ಯಜಮಾನ. ಮಗಳನ್ನು ರೈಲು ಹತ್ತಿಸಲು ಅರಸೀಕೆರೆಗೆ ಬಂದವರು, ಹಿಂದಿರುಗುವ ಬಸ್ಸು ಕಾಯುತ್ತ ಕುಳಿತಿದ್ದಾಗ ಮೈಕಿನಲ್ಲಿ ತಮ್ಮನ ದನಿ ಕೇಳಿಸಿ, ಅದರ ಜಾಡು ಹಿಡಿದು ಬಂದಿದ್ದರು. ಇದು ಆಮೇಲೆ ತಿಳಿಯಿತು.

ಮೇಷ್ಟ್ರು ಎರಡೂ ಅಂಗೈಯನ್ನು ಒಂದರ ಮೇಲೊಂದು ನಿಲ್ಲಿಸಿ, ಆಟ ನಿಲ್ಲಿಸುವ ಟೈಮ್ ಔಟ್ ಸನ್ನೆ ಮಾಡಿದರು. ನಾಟಕದಲ್ಲಿ ಟೈಮ್ ಔಟ್ ಇರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನನ್ನ ಅರಮನೆಯ ಗೆರೆ, ಗುಂಪಿನ ಗೆರೆ ಎರಡನ್ನೂ ತುಳಿದು, ಸುಣ್ಣವನ್ನೆಲ್ಲ ಕಲಸಿಕೊಂಡು ಓಡಿದರು. ಅವರು ಓಡಿದ್ದನ್ನು ನಾನು ನೋಡಿದ ಎರಡನೆಯ ಸಲ ಅದು. ಈ ಸಲ ಬಸ್ಸು ನಿಂತಿತ್ತು.

“ಅಣ್ಣಾ,” ಎಂದರು. ವಿಷಲ್ಲನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅಂದದ್ದು.

ಅಣ್ಣ ಅವರ ಹೆಗಲು ಹಿಡಿದರು. ಟವೆಲ್ಲಿನಿಂದ ಮೂಗು ಒರೆಸಿಕೊಂಡರು. “ದಪ್ಪ ಆಗಿದ್ದೀಯಲ್ಲೋ,” ಎಂದರು. ಆಮೇಲೆ, “ಈ ನಾಟ್ಕ ಗೀಟ್ಕ ಮುಗುದ್ ಮ್ಯಾಲೆ ಊರಿಗ್ ಬಾರ್ಲಾ. ನಿನ್ ಹೆಂಡ್ರುನ್ನೂ ಕರ್ಕಂಡು ಬಾ,” ಎಂದರು.

ಮೇಷ್ಟ್ರು ಉತ್ತರ ಕೊಡಲು ಹೋದರು. ಬಾಯಲ್ಲಿ ವಿಷಲ್ಲು ಇನ್ನೂ ಹಾಗೆಯೇ ಇತ್ತು. ‘ಪೀ’ ಎಂದಿತು.

ವಿಷಲ್ಲು ಕೇಳಿದ ಮೇಲೆ ಗುಂಪು ಸುಮ್ಮನಿರುವ ಹಾಗಿಲ್ಲ. ಆದರೆ ಆ ಯಜಮಾನರ ಮಾತು ಕೇಳಿದ ಮೇಲೆ ಹೋಗು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಬಸಣ್ಣ ಅಣ್ಣ ತಮ್ಮಂದಿರನ್ನು ಒಮ್ಮೆ ನೋಡಿ, ಲೈನ್‌ಮ್ಯಾನನ್ನು ಒಮ್ಮೆ ನೋಡಿ, ಯಾರಿಗೆ ಹೇಳುವುದೆಂದು ತಿಳಿಯದೆ ಎಲ್ಲರಿಗೂ ಸೇರಿಸಿ ಕೈಮುಗಿದು, “ಹೋಗ್ಬಿಟ್ಟು ಬನ್ನಿ!” ಎಂದ. “ಹೋಗ್ಬಿಟ್ಟು ಬನ್ನಿ! ಹೋಗ್ಬಿಟ್ಟು ಬನ್ನಿ!” ಎಂದು ಇಡೀ ಮಂಡಿ ಕೂಗಿತು. ಮೊದಲು ನಕ್ಕವರು ನರ್ಸಮ್ಮ. ನಗುತ್ತ ನಗುತ್ತ ಸೆರಗು ಕಣ್ಣಿಗೆ ಒತ್ತಿಕೊಂಡರು. ಗಂಭೀರ ಪಾದ್ರಿಗಳು ಕನ್ನಡಕ ತೆಗೆದು ಒರೆಸುತ್ತಿದ್ದರು.

ಆ ದಿನ ನನ್ನ ಕೈ ತೊಳೆಯುವ ಸೀನು ನಡೆಯಲೇ ಇಲ್ಲ. ಚೊಂಬಿನ ನೀರನ್ನು ಬಾಯಾರಿದ ಲೈನ್‌ಮ್ಯಾನ್ ಎತ್ತಿ ಕುಡಿದ. ಜರಿ ಟವೆಲ್ಲನ್ನು ಅಣ್ಣನಿಗೆ ಮುಖ ಒರೆಸಿಕೊಳ್ಳಲು ಕೊಟ್ಟೆ, ಅದು ಹಗರೆಗೆ ಹೋಯಿತು. ಕೇಳಲು ಸಂಕೋಚ. ನಾಟಕ ಮುಂದೆಯೂ ವರ್ಷ ವರ್ಷ ನಡೆಯಿತು. ನಿಲ್ಲಿಸುವ ಮಾತನ್ನು ಪಾದ್ರಿಗಳು ಮತ್ತೆ ಎತ್ತಲಿಲ್ಲ. ಗುಂಪು ತನಗೆ ಬಂದ ಹಾಗೆಯೇ ಹೇಳುತ್ತಿತ್ತು, ಮೇಷ್ಟ್ರು ತಿದ್ದುತ್ತಿರಲಿಲ್ಲ. ಹಬ್ಬ ಹರಿದಿನಕ್ಕೆ ಹಗರೆಗೆ ಹೋಗಿ ಬರುವುದು ಅವರಿಗೆ ರೂಢಿಯಾಯಿತು. ಬರುವಾಗ ಗಿಣ್ಣು ತರುತ್ತಿದ್ದರು, ನನಗೂ ಒಂದು ಡಬ್ಬಿ ಬರುತ್ತಿತ್ತು. ಟವೆಲ್ಲು ಬರಲಿಲ್ಲ.

ಹೋದ ತಿಂಗಳು ಚರ್ಚಿನ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದೆವು. ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಮಂಡಿಯವರೆಲ್ಲ ಬಾಗಿಲು ಹಾಕಿ ಬಂದಿದ್ದರು. ಸಾವಿನ ಜಾಗ, ಹೇಳದೆ ಕೇಳದೆ ಹೊರಟುಬಿಡಬೇಕು. ಎಲ್ಲರಿಗೂ ಅದು ಗೊತ್ತು. ಆದರೂ ಯಾರೂ ಕಾಲು ಕೀಳಲಿಲ್ಲ. ಲೈನ್‌ಮ್ಯಾನಿನ ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು, ಅವನು ನೆಲ ನೋಡುತ್ತ ನಿಂತಿದ್ದ. ಬಸಣ್ಣ ಟವೆಲ್ಲನ್ನು ಹೆಗಲಿಂದ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದ.

ನರ್ಸಮ್ಮ ಮುಷ್ಟಿ ಬಿಚ್ಚಿದರು. ಶಿಲುಬೆಯನ್ನು ಮೇಷ್ಟ್ರ ಜೊತೆಗೇ ಕಳಿಸಿ ವಿಷಲ್ಲನ್ನು ಮಾತ್ರ ತಾವು ಇಟ್ಟುಕೊಂಡಿದ್ದರು. ಅದನ್ನು ತುಟಿಗಿಟ್ಟು ಊದಿದರು. ಅಭ್ಯಾಸವಿಲ್ಲದ್ದರಿಂದ ಸದ್ದು ಸಣ್ಣಗೆ ಬಂತು. ಸಾಲು ನೆಟ್ಟಗಾಯಿತು.

ಅಣ್ಣ ಈಗ ಕೋಲೂರಿ ನಡೆಯುತ್ತಾರೆ. ಮೊದಲು ಹೇಳಿದವರು ಅವರೇ. “ಹೋಗ್ಬಿಟ್ಟು ಬಾರ್ಲಾ,” ಎಂದರು.

ಹಿಂದೆಯೇ ಬಸಣ್ಣ, ಲೈನ್‌ಮ್ಯಾನ್, ಮಂಡಿಯ ಅಷ್ಟೂ ಜನ ಒಂದೇ ದನಿಯಲ್ಲಿ, “ಹೋಗ್ಬಿಟ್ಟು ಬನ್ನಿ ಮೇಷ್ಟ್ರೇ,” ಎಂದರು. ಪಾದ್ರಿಗಳು ‘ಆಮೆನ್’ ಎಂದರು. ಲೆಕ್ಕದ ಮೇಷ್ಟ್ರೂ ಹೇಳಿದರು. ನಾನು ಹೇಳಿದ್ದು ಅವರೆಲ್ಲರ ದನಿಯಲ್ಲಿ ಮುಳುಗಿಹೋಯಿತು. ಅದಕ್ಕೆ ನಾನು ಇನ್ನೊಂದು ಸಲ ಹೇಳಿದೆ.